ಒಂದು ಗೇಣು ಕೊಸರು

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಪೀರನವಾಡಿ ಸಿಗುವ ಮೊದಲು ಎಡಗಡೆ ಒಂದು ಕೆಂಪು ಮಣ್ಣಿನ ಹಾಕಿ ಮೈದಾನ ಕಾಣುತ್ತದೆ. ಅದು ನಮ್ಮ ಕಾಲೇಜಿನದು. ಅದರ ಮೇಲೆ ಮೂವತ್ತೆರಡು ವರ್ಷದಿಂದ ಸುಣ್ಣದ ಗೆರೆ ಹಾಕುತ್ತಿರುವವನು ಮೈಲಾರಲಿಂಗ. ಅಷ್ಟುದ್ದದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವನು ಮೈಲಾರಿ. ನಾನು ಅದೇ ಕಾಲೇಜಿನ ಕಚೇರಿ ಸೂಪರಿಂಟೆಂಡೆಂಟ್, ಉಳವಪ್ಪ. ಸುಣ್ಣದ ಚೀಲ ಬಂದಾಗ ಸಹಿ ಹಾಕುವುದು ನನ್ನ ಕೆಲಸ, ಅದನ್ನು ನೆಲಕ್ಕಿಳಿಸುವುದು ಅವನ ಕೆಲಸ. ನನ್ನ ಸಹಿಯನ್ನು ಇದುವರೆಗೆ ಯಾರೂ ನಿಂತು ನೋಡಿಲ್ಲ. ಅವನ ಗೆರೆಯನ್ನು ಧಾರವಾಡದ ತಂಡದವರು ಕುಕ್ಕರಗಾಲಲ್ಲಿ ಕೂತು ನೋಡಿ ಹೋಗಿದ್ದಾರೆ. ಇದರ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ, ಇಲ್ಲ ಎನ್ನಲಾರೆ.

ಮೈಲಾರಿ ಸ್ವತಃ ಹಾಕಿ ಆಡಿದವನಲ್ಲ. ಆಟ ಅವನಿಗೆ ಚೆನ್ನಾಗಿ ತಿಳಿಯುತ್ತದೆ, ಆದರೆ ಪಂದ್ಯ ನಡೆಯುವಾಗ ಅವನ ಕಣ್ಣಿರುವುದು ಆಟಗಾರರ ಬೂಟಿನ ಮೇಲೆ. ಯಾರು ಗೆರೆ ತುಳಿದು ಉಜ್ಜಿದರು, ಎಲ್ಲಿ ಸುಣ್ಣ ಹಾರಿತು, ಅಷ್ಟೇ. ಗೋಲು ಬಿದ್ದು ಇಡೀ ಮೈದಾನ ಕುಣಿದರೂ ಅವನ ಕೈ ಅಲುಗುವುದಿಲ್ಲ. ನಾನೊಮ್ಮೆ ಕೇಳಿದ್ದೆ.

“ಏನೋ ಮೈಲಾರಿ, ನಮ್ಮ ಹುಡುಗೂರು ಗೋಲ್ ಹೊಡದ್ರೂ ಒಂದ ಚಪ್ಪಾಳಿ ಇಲ್ಲಲ್ಲೋ ನಿಂದು?”

“ಗೆರಿ ಹಾಕಾಂವ ಯಾರ ಬಾಜೂನೂ ಹಿಡೀಬಾರದ್ರೀ ಸಾಹೇಬ್ರ. ಎರಡೂ ಕಡೆ ಗೆರಿ ನಾನ ಹಾಕೀನಿ. ಒಂದ ಕಡೆ ಚಪ್ಪಾಳಿ ತಟ್ಟಿದ್ರ ಇನ್ನೊಂದ ಕಡೆ ಗೆರಿಗೆ ಏನ್ ಅನಸಬೇಕು?”

ಗೆರೆಗೂ ಏನಾದರೂ ಅನ್ನಿಸುತ್ತದೆ ಎಂದು ನನಗೆ ಗೊತ್ತಾದದ್ದು ಅವನಿಂದಲೇ.

ಅವನ ಊರು ಖಾನಾಪುರ ತಾಲ್ಲೂಕಿನ ಬೀಡಿ ಕಡೆಯ ಒಂದು ಹಳ್ಳಿ. ಕುರಿ ಕಾಯುವ, ಕಂಬಳಿ ನೇಯುವ ಮನೆತನ. ತಂದೆ ಬೀರಪ್ಪ ತಾನು ನೇಯ್ದ ಕಂಬಳಿಗಳನ್ನು ಹೆಗಲ ಮೇಲೆ ಹೊತ್ತು ಖಾನಾಪುರದ ಸಂತೆಗೆ ತರುತ್ತಿದ್ದ. ಅವನ ಅಳತೆ ಕೋಲು ಒಂದು ಮೊಳದ ಬಿದಿರು. ಸಂತೆಯ ಬಟ್ಟೆ ವ್ಯಾಪಾರಿಯ ಕಬ್ಬಿಣದ ಗಜಕ್ಕೆ ಹೊಂದಿಸಿ ಕತ್ತರಿಸಿದ್ದು. ಎರಡು ಮೊಳ ಎಂದರೆ ಸರಿಯಾಗಿ ಒಂದು ಗಜ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆದರೆ ಬೀರಪ್ಪ ಬರೀ ಅಳತೆಯಷ್ಟನ್ನೇ ಕೊಟ್ಟವನಲ್ಲ. ಐದು ಮೊಳದ ಕಂಬಳಿ ಕೇಳಿದವರಿಗೆ ಐದು ಮೊಳ ನೇಯ್ದು ಮೇಲೊಂದು ಗೇಣು ಕೊಸರು ಬಿಡುತ್ತಿದ್ದ. ನೆನೆದ ಕಂಬಳಿ ಕುಗ್ಗುತ್ತದೆ, ಕೊಂಡವನು ಮುಂದಿನ ಸಂತೆಯಲ್ಲಿ ಬಂದು ನಾಲ್ಕು ಜನರೆದುರು ಮಾತಾಡಬಾರದು. ಕೊಸರಿಲ್ಲದೆ ಅಳೆದುಕೊಡುವುದು ಅವರ ಮನೆಯಲ್ಲಿ ಮರ್ಯಾದೆಯ ಕೆಲಸ ಅನ್ನಿಸಿಕೊಂಡಿರಲಿಲ್ಲ.

ಮೈಲಾರಿ ಇಪ್ಪತ್ತೆರಡನೇ ವಯಸ್ಸಿಗೆ ನಮ್ಮಲ್ಲಿ ಮೈದಾನದ ಕೆಲಸಕ್ಕೆ ಸೇರಿದ. ಆಗಿನ ಪಿ.ಟಿ. ಮಾಸ್ತರರು ಮೊದಲ ದಿನವೇ ಅವನನ್ನು ಗೋಲಿನ ಮುಂದೆ ನಿಲ್ಲಿಸಿ, ಕಂಬದಿಂದ ಹದಿನಾರು ಗಜಕ್ಕೆ ಡಿ ಹಾಕು ಎಂದು ಹೇಳಿ ಹುಬ್ಬಳ್ಳಿಗೆ ಹೊರಟುಹೋದರು. ಹಾಕಿ ಆಟ ನೋಡದವರಿಗೆ ಹೇಳಬೇಕೆಂದರೆ, ಗೋಲಿನ ಮುಂದೆ ಕಮಾನಿನ ಹಾಗೆ ಬಾಗಿದ ಒಂದು ಗೆರೆ ಇರುತ್ತದೆ, ಅದಕ್ಕೆ ಡಿ ಎನ್ನುತ್ತಾರೆ. ಚೆಂಡನ್ನು ಅದರ ಒಳಗಿನಿಂದ ಹೊಡೆದರೆ ಮಾತ್ರ ಗೋಲು. ನಾಲ್ಕು ಬೆರಳು ಹೊರಗಿನಿಂದ ಹೊಡೆದರೂ ಲೆಕ್ಕಕ್ಕಿಲ್ಲ. ಕಾಲೇಜಿನ ಅಳತೆ ಟೇಪನ್ನು ಅದಕ್ಕೂ ಹಿಂದಿನ ವರ್ಷ ಯಾರೋ ಪೆಂಡಾಲ್ ಹಾಕಲು ಒಯ್ದು ತಿರುಗಿ ತಂದಿರಲಿಲ್ಲ. ಮೈಲಾರಿ ಅವತ್ತು ಸಂಜೆಯ ಬಸ್ಸಿಗೆ ಊರಿಗೆ ಹೋಗಿ, ತಂದೆಯ ಮುಂದೆ ಕೂತು, ಹದಿನಾರು ಗಜದ ಹಗ್ಗ ಬೇಕು ಎಂದ. ಬೀರಪ್ಪ ಪುಂಡಿ ನಾರಿನ ಹಗ್ಗ ತೆಗೆದು, ಜಗಲಿಯ ಮೇಲೆ ಹಾಸಿ, ಬಿದಿರಿನಿಂದ ಮೂವತ್ತೆರಡು ಮೊಳ ಅಳೆದ. ಹಿಗ್ಗಬಾರದೆಂದು ಔಡಲೆಣ್ಣೆ ಸವರಿ ಕೊಟ್ಟ.

ಮರುದಿನ ಹಗ್ಗದ ಒಂದು ತುದಿಯ ಉರುಳನ್ನು ಗೋಲಿನ ಕಂಬಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು, ತಳಕ್ಕೆ ತೂತು ಹೊಡೆದ ಡಬ್ಬಿಯಿಂದ ಸುಣ್ಣ ಸುರಿಸುತ್ತ ಮೈಲಾರಿ ಹಿಂದೆ ಹಿಂದೆ ನಡೆದ. ಗೆರೆ ಬಂದದ್ದು ಬಳೆಯ ಅಂಚಿನಂತೆ. ಮಾಸ್ತರರು ಹುಬ್ಬಳ್ಳಿಯಿಂದ ಬಂದವರು ನೋಡಿ ಬೆನ್ನು ತಟ್ಟಿದರು. ಆಮೇಲೆ ಹಗ್ಗ ನಾಲ್ಕು ಸಲ ಬದಲಾಯಿತು, ಪುಂಡಿ ಹೋಗಿ ನೈಲಾನ್ ಬಂತು. ಹೊಸದನ್ನು ಹಳೆಯದರ ಪಕ್ಕಕ್ಕೆ ಹಾಸಿ ಕತ್ತರಿಸುತ್ತಿದ್ದುದರಿಂದ ಅಳತೆ ಮಾತ್ರ ಅದೇ ಉಳಿಯಿತು. ಹೊಸ ಟೇಪು ಕೊಳ್ಳಬೇಕೆಂದು ನನ್ನ ಮೇಜಿಗೆ ಮೂರು ಸಲ ಫೈಲು ಬಂದಿದೆ. ‘ಮೈಲಾರಲಿಂಗ ಇವರ ಹಗ್ಗ ಸುಸ್ಥಿತಿಯಲ್ಲಿರುವುದರಿಂದ ಟೇಪಿನ ಅಗತ್ಯ ಕಂಡುಬರುವುದಿಲ್ಲ’ ಎಂದು ಮೂರು ಸಲವೂ ಬರೆದವನು ನಾನು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಳುವ ಧೈರ್ಯ ಇರುತ್ತದೋ ಇಲ್ಲವೋ.

ಆ ಡಿಯಿಂದ ದೊಡ್ಡ ಹೆಸರು ಮಾಡಿದವರು ಇಬ್ಬರು. ಒಬ್ಬ ಶಶಿಧರ, ಪೀರನವಾಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ನಮ್ಮ ಮೈದಾನದಲ್ಲೇ ನಡೆದ ೨೦೦೯ರ ಅಂತರ ಜಿಲ್ಲಾ ಫೈನಲ್‌ನಲ್ಲಿ ಧಾರವಾಡದ ವಿರುದ್ಧ ಕೊನೆಯ ನಿಮಿಷದಲ್ಲಿ ಗೆರೆಯ ತುದಿಯಿಂದ ಹೊಡೆದು ಕಪ್ ತಂದುಕೊಟ್ಟ. ಆ ಗೋಲಿನ ಫೋಟೋ ಅವನ ಅಂಗಡಿಯಲ್ಲಿ ಬಸವಣ್ಣನವರ ಫೋಟೋಕ್ಕಿಂತ ಅರ್ಧ ಅಡಿ ಕೆಳಗಿದೆ, ಅದೂ ಹೆಂಡತಿ ಬೈದ ಮೇಲೆ. ಮೊಳೆ ಕೊಳ್ಳಲು ಹೋದವರೂ ಆ ಗೋಲಿನ ಕಥೆ ಕೇಳಿಯೇ ಹೊರಗೆ ಬರಬೇಕು. ಹದಿನಾರು ವರ್ಷದಲ್ಲಿ ಆ ಚೆಂಡಿನ ವೇಗ ಎರಡು ಪಟ್ಟಾಗಿದೆ.

ಇನ್ನೊಬ್ಬಳು ಮಾಯಾ. ಖಾನಾಪುರದ ಹುಡುಗಿ. ತಾಯಿ ಸಾವಂತ್ರವ್ವ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಹತ್ತು ವರ್ಷದವಳಿದ್ದಾಗಿನಿಂದ ಮಾಯಾ ಶನಿವಾರ, ಭಾನುವಾರ ರೈಲು ಹತ್ತಿ ನಮ್ಮ ಮೈದಾನಕ್ಕೆ ಬರುತ್ತಿದ್ದಳು. ಹೊಡೆಯುವ ಮುಂಚೆ ತಲೆ ಬಗ್ಗಿಸಿ ಗೆರೆ ನೋಡುತ್ತಿದ್ದಳು, ಅಷ್ಟರಲ್ಲಿ ಚೆಂಡನ್ನು ಯಾರಾದರೂ ಕಸಿದುಕೊಂಡು ಹೋಗುತ್ತಿದ್ದರು. ಮೈಲಾರಿಗೆ ನೋಡಿ ನೋಡಿ ತಡೆಯಲಾಗಲಿಲ್ಲ.

“ಗೆರಿ ನೋಡಬ್ಯಾಡವಾ. ಚೆಂಡ ನೋಡು. ಗೆರಿ ಎಲ್ಲೈತಿ ಅಂತ ಕಣ್ಣಿಗಲ್ಲ, ಕಾಲಿಗೆ ಗೊತ್ತಿರಬೇಕು.”

ಕಾಲಿಗೆ ಕಲಿಸುವ ದಾರಿಯನ್ನೂ ಅವನೇ ಹೇಳಿದ. ಬೂಟು ಬಿಚ್ಚಿ, ಗೋಲಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಕಣ್ಣು ಮುಚ್ಚಿ ಮುಂದೆ ನಡೆಯಬೇಕು. ಗೆರೆ ಬಂತೆನಿಸಿದಾಗ ನಿಲ್ಲಬೇಕು. ಮೊದಮೊದಲು ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ. ಆರು ತಿಂಗಳಿಗೆ ಅವಳ ಹೆಬ್ಬೆರಳು ಸುಣ್ಣದ ಮೇಲೆಯೇ ಬಂದು ನಿಲ್ಲತೊಡಗಿತು. ಹದಿನಾರಕ್ಕೆ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಿ ಹೋದಳು. ಇಪ್ಪತ್ತೆರಡಕ್ಕೆ ದೇಶದ ತಂಡ ಸೇರಿದಳು. ಅವಳ ಹೆಸರು ಪತ್ರಿಕೆಯಲ್ಲಿ ಬಂದ ದಿನವೂ ಮೈಲಾರಿ ಚಪ್ಪಾಳೆ ತಟ್ಟಲಿಲ್ಲ. ಪತ್ರಿಕೆಯನ್ನು ಮಡಚಿ ಸುಣ್ಣದ ಕೋಣೆಯ ಕಿಟಕಿಯಲ್ಲಿ ಇಟ್ಟುಕೊಂಡ.

ಈ ಸಲದ ಮಳೆಗಾಲದಲ್ಲಿ ಯುರೋಪಿನ ಒಂದು ಊರಿನಲ್ಲಿ ದೊಡ್ಡ ಟೂರ್ನಿ ನಡೆಯಿತು. ಭಾರತದ ಹೆಣ್ಣುಮಕ್ಕಳು ಕ್ವಾರ್ಟರ್ ಫೈನಲ್ ತಲುಪಿದರು. ನಮ್ಮವರಿಗೆ ಹಾಕಿ ನೆನಪಾಗುವುದು ಹೀಗೆ ತುದಿಗೆ ಬಂದಾಗಲೇ. ಮೈದಾನದ ಎದುರಿನ ಕಲ್ಮೇಶನ ಚಹಾದ ಹೋಟೆಲಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕೂರಲು ಜಾಗ ಇರಲಿಲ್ಲ. ಹಿಂದಿನ ಪಂದ್ಯ ಯಾರ ಜೊತೆ ಆಯಿತೆಂದು ಗೊತ್ತಿಲ್ಲದವರು ತಂಡದ ತರಬೇತುದಾರನಿಗೆ ಸಲಹೆ ಕೊಡುತ್ತಿದ್ದರು. ಶಶಿಧರ ಗೆದ್ದ ಮೇಲೆ ಹಂಚಲೆಂದು ಎರಡು ಕಿಲೋ ಕುಂದಾ ತಂದಿಟ್ಟಿದ್ದ. ಮೈಲಾರಿ ಬಾಗಿಲ ಹತ್ತಿರ ನಿಂತುಕೊಂಡೇ ನೋಡಿದ. ಅವನು ಇಡೀ ಪಂದ್ಯದಲ್ಲಿ ಆಡಿದ ಮಾತು ಒಂದೇ.

“ನೀಲಿ ಹಾಸಿನ ಮ್ಯಾಲೆ ಬಿಳೀ ಗೆರಿ ಚಲೋ ಕಾಣ್ತೈತಿ ನೋಡ್ರಿ.”

ಎದುರಾಳಿಗಳು ಒಂದು ಗೋಲಿನಿಂದ ಮುಂದಿದ್ದರು. ಆಟ ಮುಗಿಯಲು ನಲವತ್ತು ಸೆಕೆಂಡ್ ಇದ್ದಾಗ ಚೆಂಡು ಮಾಯಾಳ ಕೋಲಿಗೆ ಬಂತು. ಅವಳು ತಲೆ ಬಗ್ಗಿಸಲಿಲ್ಲ, ಗೆರೆ ನೋಡಲಿಲ್ಲ. ಹೊಡೆದಳು. ಗೋಲಿನ ಹಲಗೆ ಸದ್ದಾಯಿತು. ಹೋಟೆಲಿನಲ್ಲಿ ಬೆಂಚು ಮಗುಚಿ ಬಿತ್ತು, ಕಲ್ಮೇಶ ಕೈಯಲ್ಲಿದ್ದ ಸೋಸುವ ಬಟ್ಟೆಯನ್ನೇ ಗಿರಗಿರ ತಿರುಗಿಸಿದ, ನಾನೂ ಯಾರನ್ನೋ ಅಪ್ಪಿಕೊಂಡೆ. ಶಶಿಧರ ಕುಂದಾದ ಡಬ್ಬಿಯ ದಾರ ಬಿಚ್ಚಿದ.

ಅಷ್ಟರಲ್ಲಿ ಎದುರಾಳಿಗಳು ವಿಡಿಯೋ ನೋಡಿ ಎಂದು ಕೇಳಿದರು. ಟಿವಿಯಲ್ಲಿ ಚೆಂಡು ನಿಂತಿತು, ಕೋಲು ನಿಂತಿತು, ಗೆರೆ ಕಂಡಿತು. ಚೆಂಡು ಗೆರೆಯ ಹೊರಗಿತ್ತು. ಚೆಂಡಿಗೂ ಗೆರೆಗೂ ನಡುವೆ ಇನ್ನೂ ಮೂರು ಚೆಂಡು ಹಿಡಿಸುವಷ್ಟು ನೀಲಿ. ಗೋಲು ರದ್ದಾಯಿತು, ಭಾರತ ಸೋತಿತು, ಮಾಯಾ ಗೆರೆಯ ಪಕ್ಕದಲ್ಲೇ ಕೂತುಬಿಟ್ಟಳು. ಅದನ್ನು ಟಿವಿಯವರು ಮತ್ತೆ ಮತ್ತೆ ತೋರಿಸಿದರು.

ಇಷ್ಟು ಹೊತ್ತು ‘ನಮ್ಮ ಖಾನಾಪುರದಾಕಿ’ ಆಗಿದ್ದವಳು ಕ್ಷಣದಲ್ಲಿ ಯಾರಿಗೂ ಬೇಡವಾದಳು. ಕನ್ನಡದಲ್ಲಿ ಶುರುವಾದ ಬೈಗುಳ ಮರಾಠಿಯಲ್ಲಿ ಮುಗಿಯುತ್ತಿತ್ತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಶಶಿಧರ.

“ಕುಡ್ಡಿ ಅದಾಳೇನ್ರೀ ಅಕಿ? ಇಷ್ಟ ದಪ್ಪನ ಗೆರಿ ಕಾಣ್ಸೂದಿಲ್ಲ? ಗೆರಿ ತುದಿಯಿಂದ ಹೊಡಿಯೂದು ಹ್ಯಾಂಗ ಅಂತ ನನ್ನ ಕೇಳಿದ್ರ ಹೇಳ್ತಿದ್ದೆ!”

ಒಬ್ಬ ಮೊಬೈಲಿನಲ್ಲಿ ಅವಳ ಫೋಟೋಕ್ಕೆ ಕನ್ನಡಕ ಹಾಕಿ ಎಲ್ಲರಿಗೂ ಕಳಿಸಿದ. ಹತ್ತು ನಿಮಿಷದಲ್ಲಿ ಅದು ಸದಾಶಿವನಗರದಲ್ಲಿರುವ ನನ್ನ ಮಗಳ ಮೊಬೈಲಿನಿಂದ ನನಗೇ ತಿರುಗಿ ಬಂತು. ಬೈದು ದಣಿದವರು ಕೊನೆಗೆ ಕುಂದಾ ತಿಂದರು. ನಾನೂ ತಿಂದೆ.

ಮೈಲಾರಿ ಮಾತ್ರ ಟಿವಿಯ ಹತ್ತಿರ ಹೋಗಿ, ಬಲಗೈ ಚಾಚಿ, ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ ಸುಮ್ಮನೆ ಗಾಳಿಯಲ್ಲಿ ಹಿಡಿದು ನಿಂತ. ಆಮೇಲೆ ಚಹಾ ಮುಟ್ಟದೆ ಹೊರಗೆ ಹೋದ.

ಮರುದಿನ ಬೆಳಿಗ್ಗೆ ನಾನು ಕಚೇರಿಗೆ ಬಂದಾಗ ಅವನು ಹಗ್ಗದ ಸಿಂಬೆ ಹಿಡಿದು ಬಾಗಿಲಲ್ಲೇ ಕೂತಿದ್ದ. ಕಣ್ಣು ನಿದ್ದೆ ಕಂಡಿರಲಿಲ್ಲ.

“ಸಾಹೇಬ್ರ, ಒಂದ ಟೇಪ್ ಬೇಕಾಗಿತ್ರಿ.”

“ಯಾಕೋ? ನಿನ್ನ ಹಗ್ಗ ಐತೆಲ್ಲ?”

“ಹಗ್ಗಾನ ಅಳೀಬೇಕ್ರಿ. ಮೂರ ಚೆಂಡ ಸಾಲಾಗಿ ಇಟ್ರ ಒಂದ ಗೇಣ ಆಗ್ತೈತಿ. ನಮ್ಮಪ್ಪ ಕೊಸರು ಬಿಡತಿದ್ದದ್ದೂ ಒಂದ ಗೇಣ.”

ಕಾಲೇಜಿನಲ್ಲಿ ಟೇಪು ಇರಲಿಲ್ಲ, ಯಾಕೆ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಇಬ್ಬರೂ ಶಶಿಧರನ ಅಂಗಡಿಗೆ ಹೋದೆವು. ಶಶಿಧರ ಉಕ್ಕಿನ ಟೇಪು ಕೊಟ್ಟವನು, ಏನು ಅಳೆಯುತ್ತಾರೆ ನೋಡೋಣ ಎಂದು ತಾನೂ ಮೋಟಾರ್ ಸೈಕಲ್ ಹತ್ತಿ ಹಿಂದೆ ಬಂದ. ಕಾಲೇಜಿನ ಉದ್ದದ ಪಡಸಾಲೆಯಲ್ಲಿ ಹಗ್ಗ ಹಾಸಿದೆವು. ಶಶಿಧರ ಒಂದು ತುದಿ ಒತ್ತಿಹಿಡಿದ, ಮೈಲಾರಿ ಇನ್ನೊಂದು. ನಾನು ಕನ್ನಡಕ ಏರಿಸಿ ಓದಿದೆ. ಹದಿನಾರು ಗಜ ಎಂದರೆ ಹದಿನಾಲ್ಕು ಮೀಟರ್ ಅರವತ್ಮೂರು ಸೆಂಟಿಮೀಟರ್. ಹಗ್ಗ ಇದ್ದದ್ದು ಹದಿನಾಲ್ಕು ಮೀಟರ್ ಎಂಬತ್ತಾರು.

ಮೈಲಾರಿ ಹಗ್ಗದ ತುದಿಯ ಮೇಲೆ ಕೈ ಅಗಲಿಸಿ ಇಟ್ಟ. ಬರೋಬ್ಬರಿ ಒಂದು ಗೇಣು.

“ಹಗ್ಗಕ್ಕೂ ಕೊಸರು ಬಿಟ್ಟಾನ್ರೀ ನಮ್ಮಪ್ಪ,” ಎಂದ. “ಅಳತಿ ತಪ್ಪಿಲ್ಲ. ರೂಢಿ ತಪ್ಪಿಲ್ಲ. ಮಗಾ ನೌಕರಿಗೆ ಹೊಂಟಾನ, ಕಡಿಮಿ ಬೀಳಬಾರದು ಅಂತ ಬಿಟ್ಟಿರಬೇಕು. ಬಾಜೂಕ್ಕ ಕುಂತಾಂವ ನಾನು, ಕೇಳಲಿಲ್ಲ.”

ಬೀರಪ್ಪ ಸತ್ತು ಹನ್ನೊಂದು ವರ್ಷವಾಗಿತ್ತು. ಅವನ ಧಾರಾಳತನ ಮಾತ್ರ ಪ್ರತಿ ವಾರ ಸುಣ್ಣದಲ್ಲಿ ನೆಲಕ್ಕಿಳಿಯುತ್ತ ಬಂದಿತ್ತು. ಹತ್ತರಿಂದ ಹದಿನಾರರವರೆಗೆ ಮಾಯಾ ಕಣ್ಣು ಮುಚ್ಚಿ ಕಾಲಿಗೆ ಕಲಿಸಿದ್ದು ಆ ಗೇಣನ್ನೇ.

“ಅಂದ್ರ ತಪ್ಪ ಆ ಹುಡುಗೀದಲ್ಲ,” ಎಂದೆ ನಾನು.

“ಹೌದಲ್ರೀ. ನಂದು. ಹೋಟೆಲಿನಾಗ ಹೇಳತೀನಿ. ಅಕಿಗೂ ಹೇಳತೀನಿ.”

ಶಶಿಧರ ತಡವಾಗಿ ಅರ್ಥಮಾಡಿಕೊಳ್ಳುವ ಮನುಷ್ಯ. ಅವನು ಟೇಪನ್ನು ಸುತ್ತುತ್ತಿದ್ದವನು ಅರ್ಧಕ್ಕೇ ನಿಂತ. ಅವನ ಮುಖ ನೋಡಿ ನನಗೂ ಹೊಳೆಯಿತು. ೨೦೦೯ರ ಗೋಲೂ ಇದೇ ಗೆರೆಯ ತುದಿಯಿಂದಲೇ. ಫೋಟೋದಲ್ಲಿ ಚೆಂಡು ಸುಣ್ಣದ ಮೇಲೆಯೇ ಇದೆ.

“ಟೇಪ್ ಸುಳ್ಳೈತಿ,” ಎಂದ ಶಶಿಧರ.

“ನಿನ್ನ ಅಂಗಡೀದ ಅಲ್ಲೇನೋ?” ಎಂದೆ.

“ನನ್ನ ಅಂಗಡೀದಾದ್ರೇನ್ರೀ? ಎಲ್ಲಾ ಮಾಲೂ ಖರೇ ಇರತೈತೇನು?”

ಇಪ್ಪತ್ತು ವರ್ಷ ವ್ಯಾಪಾರ ಮಾಡಿದವನು ತನ್ನ ಸರಕು ಕೆಟ್ಟದ್ದೆಂದು ತಾನೇ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಂಜೆ ಮೈಲಾರಿ ಕಲ್ಮೇಶನ ಹೋಟೆಲಿಗೆ ಹೋಗಿ, ಎಲ್ಲರ ಮುಂದೆ ನಿಂತು ಹಗ್ಗದ ಕಥೆ ಹೇಳಿದ. ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲದವನು, ಎರಡು ಸಲ ಬೆವರೊರೆಸಿಕೊಂಡ. ತಪ್ಪು ನಂದು, ಆ ಹುಡುಗಿಗೆ ಬೈಯಬೇಡಿ ಎಂದ. ಆಮೇಲೆ ಶಶಿಧರ ಎದ್ದು ನಿಂತು, ಹಗ್ಗ ತಪ್ಪಾದರೆ ನಮ್ಮ ಕಪ್ಪಿನ ಗತಿ ಏನು ಎಂದು ಕೇಳಿದ. ಆ ಕಪ್ಪು ಅದೇ ಹೋಟೆಲಿನ ಗಾಜಿನ ಪೆಟ್ಟಿಗೆಯಲ್ಲಿ, ಬಿಸ್ಕಿಟ್ ಬರಣಿಗಳ ಪಕ್ಕದಲ್ಲಿತ್ತು. ಎಲ್ಲರೂ ಅದರ ಕಡೆ ತಿರುಗಿದರು. ಅಲ್ಲಿ ಕೂತಿದ್ದ ಅರ್ಧ ಜನ ಆ ತಂಡದಲ್ಲಿ ಆಡಿದವರು, ಉಳಿದರ್ಧ ಅವತ್ತು ಮೈದಾನದಲ್ಲಿ ಕುಣಿದವರು.

“ಮೈಲಾರಿ, ನಿನ್ನ ಹಗ್ಗ ಬರೋಬ್ಬರಿ ಐತಿ,” ಎಂದ ಕಲ್ಮೇಶ, ಚಹಾ ಮುಂದೆ ಇಟ್ಟು. “ಯಾರ ಮುಂದೂ ಹಿಂಗ ಹೇಳಕೋತ ತಿರಗಬ್ಯಾಡ.”

“ಮತ್ತ ಆ ಹುಡುಗಿ?”

“ಹುಡುಗೀದೂ ತಪ್ಪಿಲ್ಲ ಬಿಡು. ಆ ವಿಡಿಯೋ ನೋಡಾಂವ್ಗ ಕಣ್ಣಿಲ್ಲ.”

ಐದು ನಿಮಿಷದಲ್ಲಿ ತೀರ್ಮಾನವಾಯಿತು. ಹಗ್ಗ ಸರಿ, ಕಪ್ಪು ಸರಿ, ಹುಡುಗಿಯೂ ಸರಿ, ತಪ್ಪು ಯುರೋಪಿನವರದು. ಕನ್ನಡಕ ಹಾಕಿದ ಫೋಟೋವನ್ನು ಅಳಿಸಿ, ಅಂಪೈರನಿಗೆ ಕನ್ನಡಕ ಹಾಕಿ ಕಳಿಸಿದರು. ಎಲ್ಲರೂ ಹಗುರವಾಗಿ ಮನೆಗೆ ಹೋದರು. ಮೈಲಾರಿಗೆ ಮಾತ್ರ ಹೇಳಿದ್ದು ಯಾರಿಗೂ ಬೇಡವಾದ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನನಗೆ ಅವತ್ತು ಆ ಜನರ ಮೇಲೆ ಸಿಟ್ಟು ಬಂತು. ನಾನೂ ಎದ್ದು ಫೈಲಿನ ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೆ ನನ್ನ ಮೇಲೂ ಸಿಟ್ಟು ಬಂತು.

ಒಂದು ವಾರದ ನಂತರ ಮಾಯಾ ಊರಿಗೆ ಬಂದಳು. ಹಿಂದಿನ ಸಲ ಪದಕ ತಂದಾಗ ಖಾನಾಪುರ ಸ್ಟೇಷನ್ನಿನಲ್ಲಿ ಡೊಳ್ಳು ಬಡಿದಿದ್ದವರಲ್ಲಿ ಯಾರೂ ಈ ಸಲ ಹೋಗಿರಲಿಲ್ಲ. ಭಾನುವಾರ ಮೈಲಾರಿ ಹಗ್ಗವನ್ನು ಕೈಚೀಲದಲ್ಲಿ ಹಾಕಿಕೊಂಡು ಹೊರಟ. ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಸಾವಂತ್ರವ್ವ ಬಾಗಿಲು ತೆರೆದು ನಮ್ಮನ್ನು ನೋಡಿ ಸೆರಗು ಸರಿಮಾಡಿಕೊಂಡಳು.

“ಬರ್ರಿ, ಒಳಗ ಕುಂದರ್ರಿ. ಅಕಿ ಯಾರ ಕೂಡಾನೂ ಮಾತಾಡೂದಿಲ್ಲರೀ. ನೀವು ಬಂದೀರಿ ಅಂದ್ರ ಹೊರಗ ಬರಬಹುದು.”

ಮಾಯಾ ಹೊರಗೆ ಬಂದು ಗೋಡೆಗೆ ಒರಗಿ ಕೂತಳು. ಮೈಲಾರಿ ಪೀಠಿಕೆ ಹಾಕಲಿಲ್ಲ. ಹಗ್ಗವನ್ನು ಚೀಲದಿಂದ ತೆಗೆದು ಅವಳ ಮುಂದಿಟ್ಟ.

“ಇದು ಒಂದ ಗೇಣ ಉದ್ದ ಐತವಾ. ಹೋದ ವಾರ ಅಳದೆ. ನಿನಗ ತಪ್ಪ ಕಲಿಸೇನಿ.”

ಅವಳು ಹಗ್ಗ ನೋಡಿದಳು. ಆಶ್ಚರ್ಯಪಡಲಿಲ್ಲ.

“ಗೊತ್ತು ಕಾಕಾ.”

“ಯಾವಾಗಿಂದ?”

“ಹಾಸ್ಟೆಲಿಗೆ ಹೋದ ಮೊದಲನೇ ವಾರದಿಂದ. ಅಲ್ಲಿ ನನ್ನ ಗೋಲು ಒಂದೂ ಗೋಲು ಆಗಲಿಲ್ಲ. ಎಲ್ಲಾ ಹೊರಗಿಂದ. ಎಲ್ಲಾರೂ ನಕ್ಕರು. ಆಮ್ಯಾಲೆ ಗೆರಿ ನೋಡಿ ಹೊಡಿಯಾಕ ಕಲತೆ. ಎಂಟ ವರ್ಷ ನೋಡಿಕೋತನ ಹೊಡದೆ.” ಅವಳು ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಅವತ್ತ ನಲವತ್ತ ಸೆಕೆಂಡ್ ಉಳದಿತ್ತು. ನೋಡಾಕ ಪುರಸೊತ್ತ ಸಿಗಲಿಲ್ಲ. ಕಾಲು ನಿಮ್ಮ ಗೆರಿಗೆ ಹೋಗಿ ನಿಂತಿತು.”

ಇದು ಸಮಾಧಾನದ ಮಾತಲ್ಲ. ಅವಳು ಸಮಾಧಾನ ಹೇಳಲೂ ಇಲ್ಲ. ಮೈಲಾರಿ ತಲೆ ಎತ್ತದೆ ಕೇಳಿದ.

“ಎಂಟ ವರ್ಷ ಯಾಕ ಹೇಳಲಿಲ್ಲವಾ ನನಗ?”

“ಹೇಳಿದ್ರ ನೀವು ಗೆರಿ ಹಾಕೂದ ಬಿಡತಿದ್ರಿ, ಕಾಕಾ.”

ಒಳಗಿನಿಂದ ಚಹಾ ಬಂತು. ಮೂವರೂ ಕುಡಿದೆವು. ಹೊರಡುವಾಗ ಮೈಲಾರಿ ಜೇಬಿನಿಂದ ಚಾಕು ತೆಗೆದು, ಹಗ್ಗದ ಹೆಚ್ಚಿನ ಗೇಣನ್ನು ಅವಳೆದುರೇ ಕತ್ತರಿಸಲು ಹೋದ. ಮಾಯಾ ಅವನ ಕೈ ಹಿಡಿದಳು.

“ಇವತ್ತ ಬ್ಯಾಡ. ನಾಳೆ ಮೈದಾನಕ್ಕ ಬರತೀನಿ. ಗೆರಿ ಹಾಕಬ್ಯಾಡ್ರಿ, ಸುಣ್ಣ ಅಷ್ಟ ತಂದಿಡ್ರಿ.”

ಮರುದಿನ ಬೆಳಿಗ್ಗೆ ಮಳೆ ಸುರಿದು ನಿಂತಿತ್ತು. ಮೈದಾನದ ಮೇಲೆ ಹಳೆಯ ಗೆರೆಯ ಗುರುತೂ ಇರಲಿಲ್ಲ. ಮೈಲಾರಿ ಡಬ್ಬಿಗೆ ಕೈಯಿಂದಲೇ ಸುಣ್ಣ ತುಂಬಿ ಇಟ್ಟಿದ್ದ. ನಾನು ಶಶಿಧರನ ಅಂಗಡಿಯಿಂದ ಅದೇ ಟೇಪನ್ನು ಕೊಂಡು ತಂದಿದ್ದೆ. ಸುಳ್ಳು ಎಂದಿದ್ದೆಯಲ್ಲ ಎಂದದ್ದಕ್ಕೆ, ಸುಳ್ಳು ಟೇಪು ನಾನು ಮಾರುವುದಿಲ್ಲ ಎಂದು ಅವನು ಸಿಟ್ಟಿನಿಂದಲೇ ಕಟ್ಟಿಕೊಟ್ಟಿದ್ದ.

ಮಾಯಾ ಬೂಟು ಬಿಚ್ಚಿದಳು. ಗೋಲಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಕಣ್ಣು ಮುಚ್ಚಿ ನೇರ ಮುಂದಕ್ಕೆ ನಡೆದಳು. ಒಂದು ಜಾಗದಲ್ಲಿ ನಿಂತಳು. ಮೈಲಾರಿ ಉರುಳನ್ನು ಕಂಬಕ್ಕೆ ಸಿಕ್ಕಿಸಿ, ಹಗ್ಗ ಎಳೆದುಕೊಂಡು ಅವಳ ತನಕ ಹೋದ. ಹಗ್ಗದ ತುದಿ ಅವಳ ಹೆಬ್ಬೆರಳಿಗೆ ಬಂದು ಮುಗಿಯಿತು. ಗೆರೆ ಇಲ್ಲದ ಹಸಿ ನೆಲದ ಮೇಲೆ, ಎಂಟು ವರ್ಷದ ನಂತರ, ಬೀರಪ್ಪನ ಕೊಸರು ಹಾಗೆಯೇ ಇತ್ತು. ಮೈಲಾರಿ ಅವಳ ಕಾಲ ಬಳಿ ಕೂತು ಅತ್ತ. ನಾನು ಬೇರೆ ಕಡೆ ನೋಡಿದೆ.

ಆಮೇಲೆ ಅವನು ಮೂಗು ಒರೆಸಿಕೊಂಡು ಎದ್ದ. ಟೇಪು ಹಿಡಿದು ಹದಿನಾಲ್ಕು ಮೀಟರ್ ಅರವತ್ಮೂರಕ್ಕೆ ಒಂದು ಗೂಟ ಬಡಿದ. ಹಗ್ಗವನ್ನು ಕತ್ತರಿಸಲಿಲ್ಲ, ಅಷ್ಟಕ್ಕೇ ಬರುವಂತೆ ಒಂದು ಗಂಟು ಹಾಕಿದ. ಗಂಟಿನಾಚೆ ಒಂದು ಗೇಣು ಜೋತುಬಿದ್ದಿತ್ತು.

“ಇಲ್ಲಿಗೆ ಬರಬೇಕು ನೋಡವಾ. ನಡಿ.”

ಅವಳು ತಿರುಗಿ ಕಂಬಕ್ಕೆ ಹೋಗಿ ಕಣ್ಣು ಮುಚ್ಚಿ ಬಂದಳು. ಗೂಟ ದಾಟಿ ಹಳೆಯ ಜಾಗದಲ್ಲೇ ನಿಂತಳು. “ಮುಂದ ಬಂದಿ,” ಎಂದ ಅವನು. ಮತ್ತೆ ಹೋದಳು, ಮತ್ತೆ ಬಂದಳು. “ಮುಂದ ಬಂದಿ.” ಹತ್ತು ಸಲ, ಹದಿನೈದು ಸಲ. ಹಸಿ ಮಣ್ಣಿನಲ್ಲಿ ಅವಳ ಹೆಜ್ಜೆಯ ಗುರುತುಗಳು ಗೂಟದ ಆಚೆ ಗುಂಪಾಗಿ ಬಿದ್ದವು. ಕಲ್ಮೇಶನ ಹೋಟೆಲಿನವರು ಒಬ್ಬೊಬ್ಬರಾಗಿ ಬಂದು ಬೇಲಿಯ ಹತ್ತಿರ ನಿಂತರು. ಶಶಿಧರನೂ ಬಂದ. ಯಾರೂ ಸಲಹೆ ಕೊಡಲಿಲ್ಲ.

ಎಷ್ಟನೆಯ ಸಲವೋ ನಾನು ಎಣಿಸಲಿಲ್ಲ, ಮಾಯಾ ನಡೆದು ಬಂದವಳು ಎತ್ತಿದ ಹೆಜ್ಜೆಯನ್ನು ಅರ್ಧಕ್ಕೇ ಇಳಿಸಿ ನಿಂತಳು. ಹೆಬ್ಬೆರಳು ಗೂಟಕ್ಕೆ ತಾಗಿಕೊಂಡಿತ್ತು. ಮೈಲಾರಿ ಬಗ್ಗಿ ನೋಡಿದ. ಟೇಪು ಹಿಡಿದು ಇನ್ನೊಮ್ಮೆ ನೋಡಿದ. ಆಮೇಲೆ ಎದ್ದು ನಿಂತು, ಸುಣ್ಣ ಮೆತ್ತಿದ ಎರಡು ಕೈಗಳಿಂದ ಚಪ್ಪಾಳೆ ತಟ್ಟಿದ. ಬಿಳಿ ಪುಡಿ ಹಾರಿ ಅವನ ಮುಖದ ಮೇಲೆಲ್ಲ ಕೂತಿತು.

ಮಾಯಾ ಕಣ್ಣು ತೆರೆದು ನೋಡಿದ್ದು ಗೂಟವನ್ನಲ್ಲ, ಅವನನ್ನು.

“ಕಾಕಾ, ನಿಮಗೂ ಚಪ್ಪಾಳಿ ತಟ್ಟಾಕ ಬರತೈತೇನು?”

“ಸುಮ್ಮನ ನಡಿ,” ಎಂದ ಮೈಲಾರಿ. “ಇನ್ನೊಂದ ಸಲ.”